ನನ್ನ ಡಾರ್ಜಿಲಿಂಗ್ ಹಳಿ ಆಟಿಕೆಯಂತೆ ಕಾಣುವುದೇಕೆ?

ಪ್ರಶ್ನೆ: 60×40 ಸೆಂ.ಮೀ. ಪ್ಲೈವುಡ್ ಮೇಲೆ ಡಾರ್ಜಿಲಿಂಗ್ ಪುಟ್ಟ ರೈಲಿನ ದಾರಿಯ ಒಂದು ತುಣುಕಿನ ಮಾದರಿಯನ್ನು 1:35 ಅಳತೆಯಲ್ಲಿ, ಅಂದರೆ ನಿಜದ 35ನೇ ಒಂದು ಪಾಲಿನಷ್ಟು, ಮಾಡುತ್ತಿದ್ದೇನೆ. ರೈಲು ಓಡಬೇಕಿಲ್ಲ, ಒಂದು ವ್ಯಾಗನ್ ನಿಂತಿದ್ದರೆ ಸಾಕು. ತಯಾರಾಗಿ ಸಿಗುವ 16.5 ಮಿ.ಮೀ. ಹಳಿ ತಂದು ಹಾಕಿದೆ. ಎಷ್ಟು ಬಣ್ಣ ಬಳಿದರೂ ಆಟಿಕೆಯಂತೆಯೇ ಕಾಣುತ್ತಿದೆ. ಮಳೆಗಾಲದಲ್ಲಿ ಹಲಗೆ ಬಾಗಿತು, ಜಲ್ಲಿ ಉಂಡೆಗಟ್ಟಿತು, ಹಳಿಯ ಬುಡದಲ್ಲಿ ಹಸಿರು ಕಲೆ ಬಂತು. ಎಲ್ಲಿ ತಪ್ಪಿದೆ? ಬಿಚ್ಚಿ ಮತ್ತೆ ಮಾಡಬೇಕೆ?

ಉತ್ತರ: ಹಳಿಯನ್ನಂತೂ ಬಿಚ್ಚಲೇಬೇಕು. ಹಲಗೆಯನ್ನು ಉಳಿಸಿಕೊಳ್ಳಬಹುದೋ ಇಲ್ಲವೋ ಎಂಬುದು ಅದು ಎಷ್ಟು ಬಾಗಿದೆ ಎಂಬುದರ ಮೇಲಿದೆ. ಉದ್ದದ ಸ್ಕೇಲನ್ನು ಅಡ್ಡ ಇಟ್ಟು ನೋಡಿ. ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಹೊಸ ಹಲಗೆ ತರುವುದೇ ಮೇಲು.

ನೀವು ಆರಿಸಿದ ಅಳತೆಯಲ್ಲಿ ತಪ್ಪಿಲ್ಲ. ಡಾರ್ಜಿಲಿಂಗ್ ಮಾರ್ಗದ ಗೇಜ್ (ಎರಡು ಹಳಿಗಳ ನಡುವಿನ ಅಂತರ) ಎರಡು ಅಡಿ, ಅಂದರೆ 610 ಮಿ.ಮೀ. 16.5 ಮಿ.ಮೀ. ಹಳಿಯನ್ನು 35ರಿಂದ ಗುಣಿಸಿದರೆ 577 ಮಿ.ಮೀ. ಬರುತ್ತದೆ. ಶೇಕಡಾ 5ರಷ್ಟು ಕಿರಿದು, ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಮೇಲಾಗಿ 1:35 ಅಳತೆಯ ಜನ, ಡ್ರಮ್ಮು, ಚೀಲ, ಜೀಪುಗಳು ಸೇನಾ ಮಾದರಿ ಮಾಡುವವರಿಗಾಗಿ ಬೇಕಾದಷ್ಟು ತಯಾರಾಗುತ್ತವೆ. ಇನ್ನೂ ನಿಖರತೆ ಬೇಕೆನ್ನುವವರು 1:43.5ರಲ್ಲಿ 14 ಮಿ.ಮೀ. ಹಳಿ ಹಾಕುತ್ತಾರೆ, ಆಗ ಸರಿಯಾಗಿ 609 ಮಿ.ಮೀ. ಸಿಗುತ್ತದೆ. ಆದರೆ ಆ ಹಳಿಯನ್ನು ಬಹುಪಾಲು ಕೈಯಿಂದಲೇ ಕಟ್ಟಬೇಕು. ಬಹಳ ಜನ ಬಳಸುವ 9 ಮಿ.ಮೀ. ಹಳಿ 1:76ರಲ್ಲಿ 684 ಮಿ.ಮೀ. ಆಗುತ್ತದೆ. ಎರಡಡಿ ಮಾರ್ಗಕ್ಕೆ ಇದು ತುಸು ಅಗಲವೇ.

ಇಲ್ಲೊಂದು ಮಾತು ನಮ್ಮ ಕಡೆಯ ಮಾರ್ಗಗಳ ಬಗ್ಗೆ. ತರೀಕೆರೆ–ನರಸಿಂಹರಾಜಪುರದ ಹಳೆಯ ಲಘು ರೈಲು ಎರಡಡಿಯದ್ದು, ಅದಕ್ಕೆ ಈ ಲೆಕ್ಕವೇ ಸಾಕು. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗ ಬ್ರಾಡ್‌ಗೇಜ್ ಆಗುವ ಮೊದಲು ಎರಡೂವರೆ ಅಡಿಯದಾಗಿತ್ತು, ಅಂದರೆ 762 ಮಿ.ಮೀ. ನಂದಿ ಹಾಲ್ಟ್ ನಿಲ್ದಾಣವನ್ನು ಹಳೆಯ ಕಾಲದ ನೋಟದಲ್ಲಿ ಮಾಡುವ ಆಸೆಯಿದ್ದರೆ ಇದೇ 16.5 ಹಳಿಗೆ 1:48 ಅಳತೆ ಹಿಡಿಯಿರಿ, 792 ಬರುತ್ತದೆ. ಊಟಿ ರೈಲನ್ನು ನ್ಯಾರೋಗೇಜ್ ಎಂದುಕೊಂಡು ಶುರು ಮಾಡುವವರಿದ್ದಾರೆ. ಅದು ಮೀಟರ್‌ಗೇಜ್, ಲೆಕ್ಕವೇ ಬೇರೆ.

ಹಾಗಾದರೆ ಆಟಿಕೆಯ ಕಳೆ ಎಲ್ಲಿಂದ ಬಂತು? ಸ್ಲೀಪರ್‌ಗಳಿಂದ, ಅಂದರೆ ಹಳಿಯ ಕೆಳಗೆ ಅಡ್ಡ ಮಲಗಿಸುವ ಪಟ್ಟಿಗಳಿಂದ. ನೀವು ತಂದದ್ದು ದೊಡ್ಡ ರೈಲಿನ 1:87 ಅಳತೆಯ ಹಳಿ. ಅದರ ಸ್ಲೀಪರ್ ಸುಮಾರು 30 ಮಿ.ಮೀ. ಉದ್ದ, ಒಂದಕ್ಕೂ ಇನ್ನೊಂದಕ್ಕೂ ನಡುವೆ 6–7 ಮಿ.ಮೀ. ನಿಮ್ಮ ಅಳತೆಯಲ್ಲಿ ಅದು ಒಂದು ಮೀಟರ್ ಉದ್ದದ ಕಟ್ಟಿಗೆಗಳನ್ನು ಗೇಣಿಗೊಂದರಂತೆ ಜೋಡಿಸಿದ ಹಾಗಾಯಿತು. ಬೆಟ್ಟದ ರೈಲಿಗೆ ಹೀಗೆ ಯಾರೂ ಮರ ಸುರಿಯುವುದಿಲ್ಲ. ಎರಡಡಿ ಮಾರ್ಗದ ಸ್ಲೀಪರ್ ನಾಲ್ಕೂವರೆಯಿಂದ ಐದು ಅಡಿ ಉದ್ದ ಇರುತ್ತದೆ, ಎರಡು ಅಡಿಗೂ ಮಿಕ್ಕಿದ ಅಂತರದಲ್ಲಿ ಕೂತಿರುತ್ತದೆ. 1:35ರಲ್ಲಿ ಇದು 41 ಮಿ.ಮೀ. ಉದ್ದ, ಸುಮಾರು 5 ಮಿ.ಮೀ. ಅಗಲ, ಮಧ್ಯದಿಂದ ಮಧ್ಯಕ್ಕೆ 20 ಮಿ.ಮೀ. ಹಳಿಯ ಎರಡೂ ಬದಿಗೆ ಸ್ಲೀಪರ್ ಧಾರಾಳವಾಗಿ ಚಾಚಿಕೊಂಡು ನಡುವೆ ಜಾಗ ಬಿಟ್ಟಿದ್ದರೆ ಬಣ್ಣ ಬಳಿಯುವ ಮೊದಲೇ ಅದು ನ್ಯಾರೋಗೇಜ್ ಎಂದು ಗೊತ್ತಾಗಿಬಿಡುತ್ತದೆ.

ಹಳಿಯ ಲೋಹದ ಕಂಬಿಯನ್ನು ಮಾತ್ರ ಬದಲಿಸಬೇಡಿ. 'ನ್ಯಾರೋಗೇಜ್‌ಗೆ ಸಣ್ಣ ಹಳಿ ಬೇಕು' ಎಂಬ ಮಾತು ಸಣ್ಣ ಅಳತೆಗಳಿಗೆ ಸರಿ, ನಿಮಗೆ ಅನ್ವಯಿಸುವುದಿಲ್ಲ. ಗಜಕ್ಕೆ 50 ಪೌಂಡ್ ತೂಗುವ ಲಘು ಹಳಿ ಸುಮಾರು 98–100 ಮಿ.ಮೀ. ಎತ್ತರ ಇರುತ್ತದೆ, 1:35ರಲ್ಲಿ 2.8 ಮಿ.ಮೀ. ಸಾಮಾನ್ಯವಾಗಿ ಸಿಗುವ 'ಕೋಡ್ 100' ಹಳಿ 2.54 ಮಿ.ಮೀ. ಎತ್ತರದ್ದು. ಅದನ್ನು ಪ್ಲಾಸ್ಟಿಕ್ ಸ್ಲೀಪರ್‌ನಿಂದ ಮೆಲ್ಲಗೆ ಎಳೆದು ಬಿಡಿಸಿಕೊಂಡರೆ ಅದೇ ಸಾಕು.

ಸ್ಲೀಪರ್‌ಗೆ ಐಸ್‌ಕ್ರೀಮ್ ಕಡ್ಡಿಗಿಂತ ಒಳ್ಳೆಯ ಸಾಮಾನಿಲ್ಲ. 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಕಡ್ಡಿಯನ್ನು ಉದ್ದುದ್ದ ಸೀಳಿ, ದುಂಡಗಿನ ತುದಿಗಳನ್ನು ತೆಗೆದರೆ ಒಂದು ಕಡ್ಡಿಗೆ ನಾಲ್ಕು ಸ್ಲೀಪರ್ ಬರುತ್ತವೆ. ನಿಮ್ಮ ಹಲಗೆಯ ಮೇಲೆ ಹಳಿ 60 ಸೆಂ.ಮೀ. ಓಡುತ್ತದೆ, 30 ಸ್ಲೀಪರ್ ಬೇಕು. ಸೀಳುವಾಗ ಕೆಲವು ಒಡೆಯುತ್ತವೆ, ಹಾಗಾಗಿ 10 ಕಡ್ಡಿ ಇಟ್ಟುಕೊಳ್ಳಿ. ಬಾಲ್ಸಾ ಮರ ಬೇಡ, ಅದು ಮೆದು, ಹಳಿ ಒತ್ತಿದರೆ ತಗ್ಗು ಬೀಳುತ್ತದೆ. ಗರಗಸದ ಬ್ಲೇಡಿನ ಹಲ್ಲನ್ನು ಮರದ ಎಳೆಯ ಗುಂಟ ನಾಲ್ಕೈದು ಸಲ ಎಳೆದರೆ ಬಿರುಕು ಮೂಡುತ್ತದೆ. ಐದರಲ್ಲಿ ಒಂದರ ತುದಿಯನ್ನು ಚಾಕುವಿನಿಂದ ಸೀಳಿ. 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅರ್ಧ ಚಮಚ ಕಪ್ಪು ಡ್ರಾಯಿಂಗ್ ಇಂಕ್ ಬೆರೆಸಿ ಎಲ್ಲವನ್ನೂ ಅದರಲ್ಲಿ ಅದ್ದಿ ತೆಗೆಯಿರಿ. ಒಂದು ನಿಮಿಷದವು, ಐದು ನಿಮಿಷದವು, ಹತ್ತು ನಿಮಿಷದವು ಎಂದು ಬೇರೆ ಬೇರೆ ಹೊತ್ತು ಬಿಟ್ಟರೆ ಬಣ್ಣವೂ ಬೇರೆ ಬೇರೆ ಬರುತ್ತದೆ. ಮರದ ಸ್ಲೀಪರ್ ಹಳೆಯದಾದಂತೆ ಕಂದು ಬಣ್ಣ ಬಿಟ್ಟು ಬೂದಿಯ ಕಡೆಗೆ ಹೋಗುತ್ತದೆ. ಚಾಕೊಲೇಟ್ ಬಣ್ಣದ ಸ್ಲೀಪರ್‌ಗಳ ಸಾಲು ಆಟಿಕೆಯ ಇನ್ನೊಂದು ಗುರುತು.

ಆದರೆ ಅಂಟಿಸುವ ಮೊದಲು ಹಲಗೆ ಸರಿಯಾಗಬೇಕು. ನಿಮ್ಮ ಪ್ಲೈವುಡ್ ಬಾಗಿದ್ದಕ್ಕೆ ಮಳೆಗಾಲವೊಂದನ್ನೇ ದೂರಬೇಡಿ. ಮೇಲ್ಮೈಗೆ ಮಾತ್ರ ನೀರು, ಫೆವಿಕಾಲ್, ಬಣ್ಣ ಬಿದ್ದವು, ಕೆಳಮೈ ಬರಿದಾಗಿಯೇ ಉಳಿಯಿತು. ಮೇಲಿನ ಪದರ ಮೊದಲು ನೀರು ಕುಡಿದು ಉಬ್ಬುತ್ತದೆ. ಆಮೇಲೆ ಅದರ ಮೇಲಿನ ಅಂಟು, ಬಣ್ಣ ಒಣಗುತ್ತ ಕುಗ್ಗಿ ಎಳೆಯುತ್ತವೆ. ಕೆಳಗಿನಿಂದ ಎದುರು ಎಳೆತ ಇಲ್ಲದಿದ್ದಾಗ ಹಲಗೆ ತಟ್ಟೆಯಂತಾಗುತ್ತದೆ. 12 ಮಿ.ಮೀ. ದಪ್ಪದ ಒಂಟಿ ಹಲಗೆಗಿಂತ 9 ಮಿ.ಮೀ. ಬಿಡಬ್ಲ್ಯೂಆರ್ (ನೀರು ತಡೆದುಕೊಳ್ಳುವ) ದರ್ಜೆಯ ಪ್ಲೈವುಡ್‌ಗೆ ಕೆಳಗೆ 40×20 ಮಿ.ಮೀ. ರೀಪಿನ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಅದು ಹಗುರ, ಗಟ್ಟಿಯೂ ಹೌದು. ರೀಪನ್ನು ಮಲಗಿಸಬೇಡಿ, 40 ಮಿ.ಮೀ. ಬದಿ ನಿಂತಿರಬೇಕು. ಕೆಲಸ ಶುರುವಾಗುವ ಮುನ್ನ ಮೇಲೆ, ಕೆಳಗೆ, ಅಂಚುಗಳಿಗೆ ವುಡ್ ಸೀಲರ್ ಎರಡು ಕೋಟ್. ಅಂಚುಗಳನ್ನು ಮರೆಯುವವರೇ ಹೆಚ್ಚು. ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಇನ್ನು ದೃಶ್ಯದ ಜೋಡಣೆ. ಡಾರ್ಜಿಲಿಂಗ್ ಮಾರ್ಗದ ಬಹುಭಾಗ ಹಿಲ್ ಕಾರ್ಟ್ ರಸ್ತೆಯ ಪಕ್ಕದಲ್ಲೇ ಸಾಗುತ್ತದೆ, ಮತ್ತೆ ಮತ್ತೆ ಅದನ್ನು ದಾಟುತ್ತದೆ. ಕರ್ಸಿಯಾಂಗ್ ಪೇಟೆಯಲ್ಲಿ ಅಂಗಡಿಗಳ ಬಾಗಿಲ ಮುಂದೆಯೇ ರೈಲು ಹೋಗುತ್ತದೆ. ಹಾಗಾಗಿ ಇಲ್ಲಿ ಹಳಿಗೆಂದು ಬೇರೆಯ ಜಾಗವೇ ಇಲ್ಲ. ಹಿಂದೆ ಬೆಟ್ಟದ ತಡೆಗೋಡೆ, ಅದರ ಬುಡಕ್ಕೆ ಹಳಿ, ಪಕ್ಕದಲ್ಲಿ ರಸ್ತೆ, ರಸ್ತೆಯಾಚೆ ಕಣಿವೆಗೆ ಬೆನ್ನು ಮಾಡಿದ ಒಂದು ತಗಡಿನ ಅಂಗಡಿ. 60×40ರಲ್ಲಿ ಇಷ್ಟೇ ಸಾಕು. ಹಳಿಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಹಾಕಬೇಡಿ. ಒಂದು ತುದಿ ಅಂಚಿನಿಂದ 12 ಸೆಂ.ಮೀ., ಇನ್ನೊಂದು 22 ಸೆಂ.ಮೀ. ಒಳಗಿರಲಿ, ನಡುವೆ ಬಾಗಿರಲಿ. ಈ ಮಾರ್ಗದ ಅತಿ ಬಿಗಿಯಾದ ತಿರುವು ಅಗೊನಿ ಪಾಯಿಂಟ್, ಅಲ್ಲಿ ತ್ರಿಜ್ಯ ಸುಮಾರು 18 ಮೀಟರ್. 1:35ರಲ್ಲಿ ಅದು 52 ಸೆಂ.ಮೀ. ಅಂದರೆ ನಿಜವಾದ ತಿರುವನ್ನೇ ಒಂದಿಷ್ಟೂ ಕುಗ್ಗಿಸದೆ ನಿಮ್ಮ ಹಲಗೆಯ ಮೇಲೆ ತರಬಹುದು. ದೊಡ್ಡ ರೈಲಿನ ಮಾದರಿಗಾರರಿಗೆ ಈ ಭಾಗ್ಯವಿಲ್ಲ.

ಏರನ್ನೂ ಬಿಡಬೇಡಿ. ಶೇಕಡಾ 4ರ ಏರೆಂದರೆ 60 ಸೆಂ.ಮೀ.ಗೆ 24 ಮಿ.ಮೀ. ಹಳಿ ಏರುತ್ತಿರುವುದು ಕಣ್ಣಿಗೆ ಕಾಣಬೇಕಾದರೆ ಪಕ್ಕದಲ್ಲಿ ಮಟ್ಟಸವಾದದ್ದೊಂದು ಇರಬೇಕು. ಅಂಗಡಿಯ ಜಗಲಿಯನ್ನೂ ಕಿಟಕಿಯ ಸಾಲನ್ನೂ ರಸಮಟ್ಟ ಹಿಡಿದು ನೇರವಾಗಿ ಕೂರಿಸಿ. ಜಗಲಿಗೆ ಒಂದು ತುದಿಯಲ್ಲಿ ಒಂದೇ ಮೆಟ್ಟಿಲು, ಇನ್ನೊಂದು ತುದಿಯಲ್ಲಿ ಮೂರು ಮೆಟ್ಟಿಲು ಬಂದರೆ ಏರು ತಾನಾಗಿ ಕಾಣುತ್ತದೆ.

ನೆಲ ಎಬ್ಬಿಸಲು ಥರ್ಮಾಕೋಲ್‌ಗಿಂತ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ ಒಳ್ಳೆಯದು. ಕತ್ತರಿಸಿದಾಗ ಕಾಳು ಉದುರುವುದಿಲ್ಲ. ಎರಡರ ಮೇಲೂ ಸೂಪರ್ ಗ್ಲೂ, ಸ್ಪ್ರೇ ಪೇಂಟ್ ತಾಗಕೂಡದು, ಕರಗಿ ಗುಳಿ ಬೀಳುತ್ತದೆ. ಫೋಮ್ ಪದರಗಳ ನಡುವೆ ಫೆವಿಕಾಲನ್ನು ಪೂರ್ತಿ ಬಳಿದರೂ ತೊಂದರೆ. ಗಾಳಿಯಾಡದೆ ವಾರವಾದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಅಂಚಿನ ಸುತ್ತ ಬೊಟ್ಟು ಬೊಟ್ಟಾಗಿ ಹಚ್ಚಿ, ನಡುವೆ ನಾಲ್ಕು ಹಲ್ಲುಕಡ್ಡಿ ಚುಚ್ಚಿ, ಮೇಲೆ ಪುಸ್ತಕ ಹೇರಿ ಎರಡು ದಿನ ಬಿಡಿ.

ಹಳಿ ಹಾಕುವ ಕ್ರಮ ಹೀಗೆ. ಹಳಿಯ ಹಾದಿಗೆ ಫೋಮ್ ಮೇಲೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯನ್ನು ಕತ್ತರಿಸಿ ಅಂಟಿಸಿ. ಫೋಮ್ ಮೇಲೆ ನೇರವಾಗಿ ಹಾಕಿದರೆ ಹಳಿ ಒಂದು ಕಡೆ ಕುಸಿಯುತ್ತದೆ. ಪಟ್ಟಿಯ ಮಧ್ಯದಲ್ಲಿ ಗೆರೆ ಎಳೆದು 20 ಮಿ.ಮೀ.ಗೊಂದರಂತೆ ಗುರುತು ಮಾಡಿ, ಸ್ಲೀಪರ್‌ಗಳನ್ನು ಫೆವಿಕಾಲ್‌ನಿಂದ ಅಂಟಿಸಿ. ಅಲ್ಲಲ್ಲಿ ಒಂದು ಮಿ.ಮೀ. ಆಚೀಚೆ, ತುಸು ಓರೆ ಇರಲಿ. ಆದರೆ ಮೇಲ್ಮೈ ಮಾತ್ರ ಒಂದೇ ಮಟ್ಟ. ಒಣಗಿದ ಮೇಲೆ ಉದ್ದನೆಯ ಮರದ ತುಂಡಿಗೆ 120 ನಂಬರಿನ ಉಜ್ಜುಕಾಗದ ಸುತ್ತಿ ಎಲ್ಲದರ ಮೇಲೂ ಒಮ್ಮೆ ಎಳೆಯಿರಿ. ಬಣ್ಣ ಹೋದಲ್ಲಿ ಮತ್ತೆ ಇಂಕ್ ಸವರಿ.

ಹಳಿಯನ್ನು ಅಂಟಿಸುವ ಮೊದಲೇ ಬೆರಳುಗಳ ನಡುವೆ ಎಳೆಯುತ್ತ ತಿರುವಿನ ಆಕಾರಕ್ಕೆ ಬಗ್ಗಿಸಿ. ಮೇಜಿನ ಮೇಲೆ ಬಿಟ್ಟರೆ ಅದು ತಾನಾಗಿಯೇ ಆ ಬಾಗಿನಲ್ಲಿ ನಿಲ್ಲಬೇಕು. ನೇರ ಹಳಿಯನ್ನು ಒತ್ತಿ ಬಾಗಿಸಿ ಸೂಪರ್ ಗ್ಲೂ ಹಾಕುವುದೇ ದೊಡ್ಡ ತಪ್ಪು. ಆ ಅಂಟು ಗಾಜಿನಂತೆ ಪೆಡಸು. ಬೇಸಿಗೆಯ ಒಂದು ಮಧ್ಯಾಹ್ನ ಟಕ್ಕೆಂದು ಬಿಟ್ಟು ಹಳಿ ಮೇಲೇಳುತ್ತದೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿಯನ್ನು ಪ್ರತಿ ಸ್ಲೀಪರ್ ಮೇಲೆ ಸಾಸಿವೆ ಕಾಳಿನಷ್ಟು ಇಟ್ಟು ಕೂರಿಸಿ. ಒಂದು ಕಡೆಯ ಹಳಿ ಪೂರ್ತಿ ಗಟ್ಟಿಯಾದ ಮೇಲೆ, ಸರಿಯಾಗಿ 16.5 ಮಿ.ಮೀ. ಅಗಲದ ಪ್ಲಾಸ್ಟಿಕ್ ತುಂಡನ್ನು 5 ಸೆಂ.ಮೀ.ಗೊಂದು ಇಟ್ಟು ಇನ್ನೊಂದು ಹಳಿಯನ್ನು ಅದಕ್ಕೆ ತಾಗಿಸಿ. ಮುಂದೆಂದಾದರೂ ಎಂಜಿನ್ ಓಡಿಸುವ ಆಸೆಯಿದ್ದರೆ ಈಗಲೇ ಐದಕ್ಕೊಂದು ಸ್ಲೀಪರನ್ನು ತಾಮ್ರದ ಪದರವಿರುವ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ) ಪಟ್ಟಿಯಿಂದ ಮಾಡಿ ಬೆಸುಗೆ ಹಾಕಿ. ನಡುವೆ ತಾಮ್ರವನ್ನು ಅರದಿಂದ ಕೆರೆದು ಬೇರ್ಪಡಿಸದಿದ್ದರೆ ಶಾರ್ಟ್ ಆಗುತ್ತದೆ.

ಹಸಿರು ಕಲೆಯ ಉತ್ತರವೂ ಇಲ್ಲೇ ಇದೆ. ಮಾದರಿ ಹಳಿಗಳು ಸಾಮಾನ್ಯವಾಗಿ ಹಿತ್ತಾಳೆಯವೋ ನಿಕಲ್ ಸಿಲ್ವರ್‌ನವೋ ಆಗಿರುತ್ತವೆ. ಹೆಸರಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಾಮ್ರವೇ. ಬಿಳಿ ಅಂಟಿನಲ್ಲಿ ಅಲ್ಪಸ್ವಲ್ಪ ಆಮ್ಲದ ಅಂಶವಿರುತ್ತದೆ. ಒದ್ದೆ ಜಲ್ಲಿ ದಿನಗಟ್ಟಲೆ ಒಣಗದೆ ಕೂತರೆ ಬರಿಯ ಲೋಹ ಕಿಲುಬು ಹಿಡಿಯುತ್ತದೆ. ಬೆಸುಗೆಯ ಫ್ಲಕ್ಸ್ ತೊಳೆಯದೆ ಬಿಟ್ಟರೂ ಹೀಗೇ. ಜಲ್ಲಿ ಹಾಕುವ ಮೊದಲೇ ಹಳಿಯ ಎರಡೂ ಪಕ್ಕಕ್ಕೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಕಡುಗಂದು ಬಣ್ಣ ಬಳಿದರೆ ಕಿಲುಬಿಗೆ ದಾರಿಯೇ ಇರುವುದಿಲ್ಲ. ಪ್ರೈಮರನ್ನು ಕುಂಚದಿಂದಲೇ ಹಚ್ಚಿ. ಹಳಿಯ ನೆತ್ತಿಯನ್ನು ಮಾತ್ರ ಆಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ ಹೊಳಪು ತನ್ನಿ.

ಜಲ್ಲಿಗೆ ಹೊಳೆಯ ಮರಳು ಬೇಡ, ಅದರ ಕಾಳು ದುಂಡಗೆ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಕಾಳಿಗೆ ಮೂಲೆಗಳಿವೆ, ಸಣ್ಣದಾಗಿಯೂ ಜಲ್ಲಿಯಂತೆಯೇ ಕಾಣುತ್ತದೆ. 40–50 ಮಿ.ಮೀ.ನ ಜಲ್ಲಿಕಲ್ಲು 1:35ರಲ್ಲಿ ಒಂದೂಕಾಲು ಮಿ.ಮೀ. ಮೊದಲು ರವೆ ಜರಡಿಯಲ್ಲಿ ದಪ್ಪ ಕಾಳು ತೆಗೆಯಿರಿ, ಕೆಳಗೆ ಬಿದ್ದದ್ದನ್ನು ಚಹಾ ಸೋಸುವ ಜಾಲರಿಯಲ್ಲಿ ಅಲ್ಲಾಡಿಸಿ, ಜಾಲರಿಯ ಮೇಲೆ ಉಳಿದದ್ದೇ ನಿಮ್ಮ ಜಲ್ಲಿ. ಕೆಳಗಿಳಿದ ಪುಡಿಯನ್ನು ರಸ್ತೆಯ ಅಂಚಿಗೆ ಎತ್ತಿಡಿ. ಜಲ್ಲಿಯನ್ನು ಮೂರು ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ತೊಳೆಯದಿದ್ದರೆ ಕಲ್ಲುಹುಡಿ ಅಂಟಿನಲ್ಲಿ ಕೆಸರಾಗಿ ಎಲ್ಲದಕ್ಕೂ ಸಿಮೆಂಟಿನ ಬಣ್ಣ ಬರುತ್ತದೆ. 60 ಸೆಂ.ಮೀ. ಹಾದಿಗೆ 100 ಗ್ರಾಂ ಸಾಕಾಗಿ ಮಿಗುತ್ತದೆ. ಎಂಜಿನ್ ಓಡಿಸುವುದಿದ್ದರೆ ಒಂದು ಆಯಸ್ಕಾಂತವನ್ನು ಅದರೊಳಗೆ ಆಡಿಸಿ ಕಬ್ಬಿಣದ ಚೂರು ತೆಗೆಯಿರಿ, ಇಲ್ಲದಿದ್ದರೆ ಅವೆಲ್ಲ ಮೋಟಾರಿಗೆ ಹೋಗಿ ಅಂಟುತ್ತವೆ.

ನಿಮ್ಮ ಜಲ್ಲಿ ಉಂಡೆಗಟ್ಟಿದ್ದಕ್ಕೆ ಕಾರಣ ಅಂಟಲ್ಲ, ಒಣ ಜಲ್ಲಿ. ಒಣಗಿದ ಪುಡಿಯ ಮೇಲೆ ಅಂಟುನೀರಿನ ಹನಿ ಬಿದ್ದರೆ ಅದು ಒಳಗಿಳಿಯದೆ ಸುತ್ತಲಿನ ಕಾಳನ್ನು ಎಳೆದುಕೊಂಡು ಗೋಲಿಯಾಗುತ್ತದೆ. ಜಲ್ಲಿಯನ್ನು ಮೆತ್ತನೆಯ ಕುಂಚದಿಂದ ಸ್ಲೀಪರ್‌ಗಳ ನಡುವೆ ಸರಿಪಡಿಸಿ. ಐಸೊಪ್ರೊಪೈಲ್ ಆಲ್ಕೊಹಾಲ್, ನೀರು ಸಮಸಮ ಬೆರೆಸಿ ಅರ್ಧ ಅಡಿ ಮೇಲಿನಿಂದ ಮಂಜಿನಂತೆ ಸಿಂಪಡಿಸಿ. ಹತ್ತಿರದಿಂದ ಸಿಂಪಡಿಸಿದರೆ ಜಲ್ಲಿ ಹಾರುತ್ತದೆ. ಪೂರ್ತಿ ಬಣ್ಣ ತಿರುಗುವಷ್ಟು ತೊಯ್ದ ಮೇಲೆ ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದ ನೀರನ್ನು ಡ್ರಾಪರ್‌ನಿಂದ ಹಳಿಯ ಬುಡಕ್ಕೆ ಬಿಡಿ. ಅದು ತಾನಾಗಿ ಹರಿದು ಹರಡುತ್ತದೆ. 30–40 ಮಿ.ಲೀ. ಸಾಕು. ಒಂದು ದಿನ, ಮಳೆಗಾಲವಾದರೆ ಎರಡು ದಿನ ಮುಟ್ಟಬೇಡಿ.

ಇಷ್ಟಾದರೂ ಜಲ್ಲಿ ತೀರಾ ಒಪ್ಪವಾಗಿದ್ದರೆ ಅದು ಹೊಸ ದಾರಿಯಂತೆ ಕಾಣುತ್ತದೆ. ಬೆಟ್ಟದ ಕಡೆಯ ಸ್ಲೀಪರ್ ತುದಿಗಳು ಮಣ್ಣಲ್ಲಿ ಅರ್ಧ ಹುಗಿದಿರಲಿ, ರಸ್ತೆಯ ಕಡೆಗೆ ಜಲ್ಲಿ ಚೆದುರಿರಲಿ. ಈ ಮಾರ್ಗಕ್ಕೇ ವಿಶೇಷವಾದ ಒಂದು ಗುರುತಿದೆ. ಏರಿನಲ್ಲಿ, ಒದ್ದೆ ಹಳಿಯ ಮೇಲೆ ಚಕ್ರ ಜಾರದಿರಲೆಂದು ಎಂಜಿನ್ನಿನ ಮುಂದೆ ಇಬ್ಬರು ಕೂತು ಕೈಯಿಂದಲೇ ಹಳಿಗೆ ಮರಳು ಹಾಕುವ ಪದ್ಧತಿ ಅಲ್ಲಿಯದು. ಹಾಗಾಗಿ ಹಳಿಯ ಎರಡೂ ಪಕ್ಕಕ್ಕೆ ತಿಳಿಬಣ್ಣದ ಸಣ್ಣ ಮರಳಿನ ಗೆರೆಯನ್ನು ಅಲ್ಲಲ್ಲಿ ಕಡಿದು ಕಡಿದು ಹಾಕಿ. ಹಳಿಗಳ ನಡುವೆ ಎಣ್ಣೆ ತೊಟ್ಟಿಕ್ಕಿದ ಕಪ್ಪು ಕಲೆಯನ್ನು ರೈಲು ನಿಲ್ಲುವ ಜಾಗದಲ್ಲಿ ಮಾತ್ರ ಕೊಡಿ.

ರಸ್ತೆ ದಾಟುವ ಜಾಗದಲ್ಲಿ ಡಾಂಬರು ಹಳಿಯ ನೆತ್ತಿಯ ಮಟ್ಟಕ್ಕೇ ಬರುತ್ತದೆ. ಚಕ್ರದ ಅಂಚು ಹೋಗಲು ಒಳಬದಿಗೆ 1.5 ಮಿ.ಮೀ. ಸಂದು ಬಿಡಬೇಕು. ಹಳಿಗೆ ತಾಗಿಸಿ 1.5 ಮಿ.ಮೀ. ಪ್ಲಾಸ್ಟಿಕ್ ಪಟ್ಟಿಗೆ ಎಣ್ಣೆ ಸವರಿ ನಿಲ್ಲಿಸಿ, ಪ್ಲಾಸ್ಟರ್ ತುಂಬಿ, ಗಟ್ಟಿಯಾಗುವ ಮುನ್ನ ಪಟ್ಟಿಯನ್ನು ಎಳೆದುಬಿಡಿ. ಡಾಂಬರಿಗೆ ಕಪ್ಪು ಬಳಿಯಬೇಡಿ. ಹಳೆಯ ರಸ್ತೆ ಬೂದು ಬಣ್ಣದ್ದು, ತೇಪೆ ಹಾಕಿದಲ್ಲಿ ಮಾತ್ರ ಕಪ್ಪು.

ತಡೆಗೋಡೆಯಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ಗೋಡೆ ನೆಟ್ಟಗೆ ನಿಂತಿರುತ್ತದೆ, ನೀರಿನ ಕಿಂಡಿ ಇರುವುದಿಲ್ಲ. ಕಲ್ಲಿನ ತಡೆಗೋಡೆ ಬೆಟ್ಟಕ್ಕೆ ಒರಗಿರಬೇಕು, 12 ಸೆಂ.ಮೀ. ಎತ್ತರಕ್ಕೆ 2 ಸೆಂ.ಮೀ. ಹಿಂದಕ್ಕೆ. ಅಲ್ಲಿ ಸುರಿಯುವ ಮಳೆಗೆ ಕಿಂಡಿಯಿಲ್ಲದ ಗೋಡೆ ಉಳಿಯುವುದಿಲ್ಲ. 2.5 ಮಿ.ಮೀ. ತೂತುಗಳನ್ನು 4–5 ಸೆಂ.ಮೀ.ಗೊಂದರಂತೆ, ಮೇಲಿನ ಸಾಲು ಕೆಳಗಿನದರ ನಡುವೆ ಬರುವಂತೆ ಕೊರೆದು, ಪ್ರತಿಯೊಂದರ ಕೆಳಗೆ ಕಪ್ಪು ಹಸಿರು ಜಾರು ಗೆರೆ ಎಳೆಯಿರಿ. ಕಲ್ಲುಗಳನ್ನು ಫೋಮ್ ಮೇಲೆ ಪೆನ್ನಿನಿಂದ ಒತ್ತಿ ಕೊರೆದರೆ ಸಾಕು, 6ರಿಂದ 11 ಮಿ.ಮೀ.ವರೆಗೆ, ಎರಡು ಕಲ್ಲು ಒಂದೇ ಗಾತ್ರದವು ಪಕ್ಕಪಕ್ಕ ಬಾರದಂತೆ.

ಅಂಗಡಿಯ ತಗಡಿನ ಮಾಡಿಗೆ ದುಡ್ಡು ಹಾಕಬೇಕಿಲ್ಲ. ನಿಜವಾದ ಸುಕ್ಕು ತಗಡಿನ ಅಲೆ ಸುಮಾರು 76 ಮಿ.ಮೀ.ಗೊಂದು, ನಿಮ್ಮಲ್ಲಿ 2.2 ಮಿ.ಮೀ. ಹಲ್ಲುಕಡ್ಡಿಯ ದಪ್ಪ 2 ಮಿ.ಮೀ. ಕಡ್ಡಿಗಳನ್ನು ಒತ್ತೊತ್ತಾಗಿ ರಟ್ಟಿಗೆ ಅಂಟಿಸಿ ಅಚ್ಚು ಮಾಡಿ. ಹೋಟೆಲಿನಿಂದ ಊಟ ಬರುವ ಅಲ್ಯುಮಿನಿಯಂ ಡಬ್ಬಿಯ ತಳವನ್ನು 23×75 ಮಿ.ಮೀ. ಹಾಳೆಗಳಾಗಿ ಕತ್ತರಿಸಿ ಅಚ್ಚಿನ ಮೇಲಿಟ್ಟು ಇನ್ನೊಂದು ಕಡ್ಡಿಯಿಂದ ಪ್ರತಿ ಗುಳಿಯಲ್ಲೂ ಉಜ್ಜಿ. ಅಡುಗೆಯ ಫಾಯಿಲ್ ತೆಳು, ಬೆರಳು ತಾಗಿದರೆ ಅಲೆ ಅಳಿಯುತ್ತದೆ. ತುಕ್ಕನ್ನು ಮಾಡಿನ ತುಂಬ ಬಳಿಯದೆ, ಹಾಳೆಗಳು ಒಂದರ ಮೇಲೊಂದು ಕೂರುವ ಅಂಚು, ಮೊಳೆಯ ಸಾಲು, ನೀರಿಳಿಯುವ ತುದಿಗಳಲ್ಲಿ ಮಾತ್ರ ಕೊಡಿ. ಅಂಗಡಿ ಮುಂದೆ ಹೂಕುಂಡಗಳಿರಲಿ. ಫಲಕ ಬರೆಯುವುದಿದ್ದರೆ ನೇಪಾಳಿ, ಇಂಗ್ಲಿಷ್ ಎರಡೂ ಬರಲಿ. ಅಂಗಡಿಯನ್ನಾಗಲಿ ಗೋಡೆಯನ್ನಾಗಲಿ ಅಂಟಿಸುವ ಮೊದಲು ನಿಮ್ಮ ವ್ಯಾಗನ್‌ಗಿಂತ ಎರಡೂ ಬದಿಗೆ 12 ಮಿ.ಮೀ. ಅಗಲವಾದ ರಟ್ಟನ್ನು ಹಳಿಯುದ್ದಕ್ಕೂ ಜಾರಿಸಿ ನೋಡಿ. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೂ ಮೂಲೆಗಳು ಹೊರಕ್ಕೂ ಚಾಚುತ್ತವೆ.

ಮರಗಳ ಲೆಕ್ಕ ಎಲ್ಲರನ್ನೂ ಬೀಳಿಸುತ್ತದೆ. ಆ ಬೆಟ್ಟಗಳ ಗುರುತಾದ ಧೂಪಿ ಮರ 25 ಮೀಟರ್ ಬೆಳೆದಿದ್ದರೆ ನಿಮ್ಮ ಅಳತೆಯಲ್ಲಿ 71 ಸೆಂ.ಮೀ. ಆಗುತ್ತದೆ, ಅಂದರೆ ಹಲಗೆಗಿಂತಲೂ ಉದ್ದ. 15 ಸೆಂ.ಮೀ.ನ ಗೊಂಬೆ ಮರ ನೆಟ್ಟರೆ ಪಕ್ಕದಲ್ಲಿ ನಿಂತ 48 ಮಿ.ಮೀ. ಮನುಷ್ಯ ದೈತ್ಯನಾಗುತ್ತಾನೆ. ಎರಡು ದಾರಿಯಿವೆ. ಪೆಟ್ಟಿಗೆಯಂತೆ ಮೇಲ್ಚೌಕಟ್ಟು ಮಾಡಿ, 15–20 ಮಿ.ಮೀ. ದಪ್ಪದ ಕಾಂಡಗಳು ಮಾತ್ರ ಕಂಡು ತುದಿ ಚೌಕಟ್ಟಿನ ಹಿಂದೆ ಮರೆಯಾಗುವಂತೆ ಮಾಡಿ. ಇಲ್ಲವೇ ಎಳೆಯ ಮರಗಳೆಂದು 23–28 ಸೆಂ.ಮೀ.ನವು ಎರಡೇ ಎರಡು ನೆಡಿ. ಮೊದಲನೆಯದೇ ಹೆಚ್ಚು ಗೆಲ್ಲುತ್ತದೆ. ಮಂಜನ್ನು ಹತ್ತಿಯಿಂದ ಮಾಡಲು ಹೋಗಬೇಡಿ. ಹಿನ್ನೆಲೆಯ ಹಲಗೆಗೆ ತಿಳಿ ಬೂದುನೀಲಿ ಬಳಿದು ಸುಮ್ಮನಿದ್ದರೆ ಅದೇ ಮಂಜು.

ಪಾಚಿ, ಹುಲ್ಲಿಗೆ ಬಳಸಿದ ಚಹಾಪುಡಿ, ತೆಂಗಿನ ನಾರು, ಮರದ ಹೊಟ್ಟು ಎಲ್ಲ ಚೆನ್ನ. ಆದರೆ ಹಸಿಯಾಗಿ ಹಾಕಿದರೆ ತಿಂಗಳೊಳಗೆ ಬೂಷ್ಟು ಹಿಡಿಯುತ್ತದೆ. ಮೂರು ದಿನದ ಬಿಸಿಲು ಅಥವಾ 100 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಒಣಗಿಸಿ, ಅಂಟಿಸಿದ ಮೇಲೆ ಆಲ್ಕೊಹಾಲ್ ಸಿಂಪಡಿಸಿ. ಅಕ್ರಿಲಿಕ್ ಪೆಟ್ಟಿಗೆ ಮುಚ್ಚುವ ಆತುರ ಬೇಡ. ಕೊನೆಯ ಅಂಟು ಹಾಕಿ ಎರಡು ವಾರವಾದ ಮೇಲೆ, ಮಳೆಯಿಲ್ಲದ ದಿನ ಮುಚ್ಚಿ. ಹಿಂಬದಿಯ ಕೆಳಗೆ 5 ಮಿ.ಮೀ.ನ ಎರಡು ತೂತು ಬಿಟ್ಟು ಒಳಗಿನಿಂದ ಬಟ್ಟೆ ಅಂಟಿಸಿ. ಗಾಳಿಯಾಡಿದರೆ ಪೆಟ್ಟಿಗೆಯ ಗೋಡೆ ಬೆವರುವುದಿಲ್ಲ.